ಒಂದು ಮೊರ ತೌಡು

ಧಾರವಾಡ
28 ಜುಲೈ 2025

ಅಜ್ಜಿ,

ಪೂಜ್ಯ, ಸಮಾನ ಅಂತೆಲ್ಲ ಸೇರಿಸಿ ಬರೆಯಲು ಹೊತ್ತಿಲ್ಲ. ಕಾಲಿಗೆ ಬಿದ್ದೆ ಅಂದುಕೋ.

ಈ ಕಾಲದಲ್ಲಿ ಇದೆಂಥ ಕಾಗದ ಅಂತ ನಗಬೇಡ. ಕೋಚಿಂಗಿನವರು ನಮ್ಮ ಮೊಬೈಲುಗಳನ್ನೆಲ್ಲ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ. ಭಾನುವಾರ ಹತ್ತು ನಿಮಿಷ ಕೊಡುತ್ತಾರೆ. ಆ ಹತ್ತು ನಿಮಿಷವೂ ಅಪ್ಪ "ಯಾವತ್ ಬತ್ತೀಯ? ಅರಳಗುಪ್ಪೆಯೋರು ಕೇಳ್ತಾವ್ರೆ" ಅನ್ನುವುದರಲ್ಲೇ ಮುಗಿಯುತ್ತದೆ. ನಿನ್ನ ಕೈಗೆ ಫೋನು ಕೊಟ್ಟರೆ "ಆಂ? ಏನಂದೆ?" ಅನ್ನುತ್ತೀಯ. ಕಿವಿ ಹೋದರೂ ನಿನ್ನ ಕಣ್ಣು ಹದ್ದಿನ ಕಣ್ಣು, ಪೇಪರನ್ನು ಜಾಹೀರಾತು ಸಮೇತ ಓದುವವಳು. ಅದಕ್ಕೇ ನಿನಗೇ ಬರೆಯುತ್ತಿದ್ದೇನೆ. ಅಪ್ಪನಿಗೆ ತೋರಿಸಬೇಡ.

ಸಿಹಿ ಸುದ್ದಿ ಮೊದಲು. ಬರೆಯುವ ಪರೀಕ್ಷೆ ಪಾಸಾಯಿತು, ಓಟವೂ ಪಾಸಾಯಿತು. ನಿನ್ನ ಮೊಮ್ಮಗಳು ಗಡಿ ಕಾಯುವ ಪಡೆಗೆ ಒಂದೇ ಮೆಟ್ಟಿಲು ದೂರ. ಓಡುವಾಗ ಉಸಿರು ಕಟ್ಟಿದಾಗೆಲ್ಲ ಶೆಟ್ಟಿಕೆರೆ ಬಸ್ಸು ಹೊರಟುಬಿಟ್ಟಿದೆ, ಹಿಡಿಯಬೇಕು ಅಂದುಕೊಳ್ಳುತ್ತಿದ್ದೆ. ಅದು ಸರಿಯಾಗಿ ಕೆಲಸ ಮಾಡಿತು.

ಒಂದು ಸಣ್ಣ ತಕರಾರು. ಮೆಡಿಕಲ್‌ನಲ್ಲಿ ಡಾಕ್ಟರು ನನ್ನ ಬಲಗೈಯ ಹಚ್ಚೆ ನೋಡಿ ಏನೋ ಬರೆದುಕೊಂಡರು. ಸೆಲ್ಯೂಟ್ ಹೊಡೆಯುವ ಕೈಯಲ್ಲಿ ಗುರುತು ಇರಬಾರದಂತೆ. ಎಡಗೈಯ ಒಳಗಡೆ ಇದ್ದರೆ, ಅದೂ ದೇವರದ್ದೋ ಹೆಸರೋ ಆಗಿದ್ದರೆ, ಪರವಾಗಿಲ್ಲವಂತೆ. ಸೆಪ್ಟೆಂಬರ್ ಹತ್ತಕ್ಕೆ ಬೋರ್ಡಿನ ಡಾಕ್ಟರುಗಳು ಇನ್ನೊಮ್ಮೆ ನೋಡುತ್ತಾರೆ. ನಮ್ಮ ಕಡೆಯ ಪದ್ಧತಿ, ದೇವರ ಗುರುತು ಅಂತ ವಿವರಿಸಿ ಬರೆದುಕೊಟ್ಟರೆ ಬಿಟ್ಟಾರು ಅಂತ ನನ್ನ ಆಸೆ. ಹುಟ್ಟಿದಾಗಿನಿಂದ ಕೈಮೇಲೆ ಹೊತ್ತು ತಿರುಗುತ್ತಿದ್ದೇನೆ, ಅದು ಏನು ಅಂತ ಒಂದು ದಿನವೂ ಕೇಳಿಲ್ಲ ನೋಡು. ಅದೇನು ಚಿತ್ರ, ಯಾರು ಹಾಕಿದರು, ಯಾಕೆ ಹಾಕಿದರು, ಎಲ್ಲ ಬರೆ.

ಬರುವ ವರ್ಷಕ್ಕೆ ನನ್ನ ವಯಸ್ಸು ಮೀರುತ್ತದೆ. ಬೇಗ ಬರೆ.

ಇಂಪನಾ

*

ಶೆಟ್ಟಿಕೆರೆ
5 ಆಗಸ್ಟ್ 2025

ಇಂಪನಾ,

ಬಿದ್ದಿದ್ದು ಸಾಕು, ಎದ್ದೇಳು. ಆಶೀರ್ವಾದ ಮಾಡಿದೆ ಅಂದುಕೋ.

ಪೋಸ್ಟಿನವನು ಕವರು ತಂದಾಗ ನಾನು ಅಟ್ಟದ ಮೇಲೆ ಕಾಯಿ ಅಲ್ಲಾಡಿಸಿ ನೋಡುತ್ತಾ ಕೂತಿದ್ದೆ. ಕೊಬ್ಬರಿ ಆಗಿದೆಯೋ ಇಲ್ಲವೋ ಅಂತ ಬೇರೆಯವರು ಕಿವಿಯಲ್ಲಿ ಕೇಳಿ ಹೇಳುತ್ತಾರೆ, ನನಗೆ ಈಗ ಅಂಗೈಯಲ್ಲೇ ತಿಳಿಯುತ್ತದೆ. ನಿನ್ನಮ್ಮ ಭಾನುಪ್ರಿಯಾ ಕೆಳಗಿನಿಂದ ಕೈ ಆಡಿಸಿ ಕರೆದಳು. ಕಾಗದ ಅಂದರೆ ಯಾರೋ ಹೋದರು ಅಂತಲೇ ನನ್ನ ಲೆಕ್ಕ. ಬೇಗ ಬೇಗ ಏಣಿ ಇಳಿದೆ. ಬಿಚ್ಚಿ ನೋಡಿದರೆ ನಿನ್ನ ಕೋಳಿ ಕೆದಕಿದ ಅಕ್ಷರ.

ಪಾಸಾಗಿದ್ದು ಬಹಳ ಸಂತೋಷ. ಆದರೆ ನಿನ್ನ ಡಾಕ್ಟರಿಗೆ ಬುದ್ಧಿ ಕಡಿಮೆ ಕಣೇ. ಹಚ್ಚೆ ಇಲ್ಲದ ಹೆಂಗಸಿನ ಕೈಯಲ್ಲಿ ನೀರು ಕೂಡ ಕುಡಿಯಬಾರದು ಅಂತಿದ್ದಳು ನಮ್ಮಜ್ಜಿ. ನನ್ನ ಕೈ ನೋಡಿದ್ದೀಯಲ್ಲ. ಮುಂಗೈ ಮೇಲಿನದು ಚೇಳು. ಚೇಳಿನ ಗುರುತು ಇರುವ ಮೈಗೆ ಚೇಳು ಕಚ್ಚುವುದಿಲ್ಲ, ತಮ್ಮವರು ಅಂದುಕೊಂಡು ಹೋಗುತ್ತದೆ ಅಂತ ನಂಬಿಕೆ. ಆದರೂ ನನಗೆ ಒಂದು ಸಲ ಕಚ್ಚಿತು. ಅದು ಓದು ಬರಹ ಬಾರದ ಚೇಳು. ಮೇಲಿನದು ಸೀತೆಯ ಸೆರಗು, ಮಾನ ಕಾಯುತ್ತದೆ. ಗದ್ದದ ಮೇಲಿನ ಚುಕ್ಕಿ ದೃಷ್ಟಿಗೆ. ನೋಡುವವರ ಕಣ್ಣು ಮೊದಲು ಅಲ್ಲಿಗೆ ಬಿದ್ದು ಅಲ್ಲೇ ಸೋಲಬೇಕು. ಸತ್ತಾಗ ಓಲೆ ಬಿಚ್ಚಿಕೊಳ್ಳುತ್ತಾರೆ, ಬಳೆ ತೆಗೆಯುತ್ತಾರೆ. ಹಚ್ಚೆಯನ್ನು ಯಾರೂ ಕಿತ್ತುಕೊಳ್ಳಲಾರರು, ನಮ್ಮ ಜೊತೆಗೆ ಬರುವುದು ಅದೊಂದೇ.

ನಿನ್ನದು ತ್ರಿಶೂಲ. ನಮ್ಮ ಶಿವನದ್ದು. ನೀನು ಬೆಳೆದ ಹಾಗೆ ಕೈಯೂ ಬೆಳೆಯಿತು, ನಡುವಿನ ಮೊನೆ ಮಾಸಿಹೋಗಿ ಬರೀ ಪಕ್ಕದ ಗೀಟು ಉಳಿದಿವೆ. ಹಾಕಿದವಳು ಬೋರಮ್ಮ ಅಂತ, ಬುಟ್ಟಿ ಹೆಣೆಯುವವರ ಪೈಕಿ. ದೀಪದ ಮೇಲೆ ತೆಂಗಿನ ಕರಟ ಮಗುಚಿ ಹಾಕಿ, ಅದಕ್ಕೆ ಹಿಡಿದ ಮಸಿಯನ್ನು ಸೊಪ್ಪಿನ ರಸದಲ್ಲಿ ಅರೆದು, ಸೂಜಿ ಕಟ್ಟಿ ಚುಚ್ಚಿದಳು. ಅವಳು ಎಡಗೈ ಹಿಡಿದುಕೊಂಡಿದ್ದಳು. "ಎಡಗೈಯಾಗೆ ಯಾರಾದ್ರೂ ಒಳ್ಳೇದ್ ಮಾಡ್ತಾರೇನೇ, ಬಲಗೈ ಹಿಡಿ" ಅಂತ ಗದರಿ ಬಲಗೈ ಕೊಡಿಸಿದವಳು ನಾನೇ. ನಿನ್ನ ಡಾಕ್ಟರಿಗೆ ಇದನ್ನೂ ಹೇಳು. ಬಲಗೈಯಲ್ಲಿ ಶಿವ ಇರುವವಳು ಸೆಲ್ಯೂಟ್ ಹೊಡೆದರೆ ಅವರಿಗೇ ಒಳ್ಳೆಯದು.

ತೆಗೆಸುವ ಮಾತು ಮಾತ್ರ ಯಾರಾದರೂ ಎತ್ತಿದರೆ ಒಪ್ಪಬೇಡ. ಹೊಟ್ಟೆಗೆ ಸರಿಯಾಗಿ ತಿನ್ನು.

ಅಜ್ಜಿ ಗುರುಶಾಂತಮ್ಮ

*

ಧಾರವಾಡ
12 ಆಗಸ್ಟ್ 2025

ಅಜ್ಜಿ,

ನಿನ್ನ ಕಾಗದ ಓದಿ ನಗು ಬಂತು. ಆಮೇಲೆ ಬಂದಿದ್ದು ನಗು ಅಲ್ಲ.

ನಮಗೆ ಓಟ ಕಲಿಸುವ ಹನುಮಂತರಾಜು ಸರ್ ಹಳೆಯ ಮಿಲಿಟರಿಯವರು, ನಮ್ಮ ತುರುವೇಕೆರೆ ಕಡೆಯವರೇ. ಅವರಿಗೆ ನಿನ್ನ ವಿವರಣೆ ತೋರಿಸಿ, ಬೋರ್ಡಿಗೆ ಹೇಗೆ ಬರೆಯಲಿ ಅಂತ ಕೇಳಿದೆ. ಅವರು ನನ್ನ ಕೈ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು. "ಇದ್ಯಾವ ತ್ರಿಶೂಲನವ್ವ? ನಮ್ಮವ್ವನ ಕೈಯಾಗೆ ತ್ರಿಶೂಲ ಐತೆ, ನಾ ನೋಡಿಲ್ವಾ? ಹಚ್ಚೆ ಮಾಸಿದ್ರೆ ಎಲ್ಲಾ ಮಾಸ್ತದೆ, ನಡುವಿಂದು ಒಂದೇ ಮಾಸಲ್ಲ. ಇದು ಮೊರ. ಮೂರ್ ಕಡೆ ಅಂಚು, ಒಂದ್ ಕಡೆ ಬಾಯಿ, ಒಳಗೆ ಕಾಳಿನಂಗೆ ಚುಕ್ಕಿ" ಅಂದರು. ನಾನು ಇಪ್ಪತ್ತೆರಡು ವರ್ಷ ನೋಡಿದ ಕೈ. ಅವರು ಹೇಳಿದ ಮೇಲೆ ನನಗೂ ಮೊರವೇ ಕಾಣುತ್ತಿದೆ, ಬೇರೇನೂ ಕಾಣುತ್ತಿಲ್ಲ.

ನೀನು ಸುಳ್ಳು ಹೇಳಿದೆ. ನಾನೂ ಪೂರ್ತಿ ನಿಜ ಬರೆದಿರಲಿಲ್ಲ. ಡಾಕ್ಟರು "ಏನೋ" ಬರೆದುಕೊಳ್ಳಲಿಲ್ಲ ಅಜ್ಜಿ. ಅನ್‌ಫಿಟ್ ಅಂತ ಬರೆದರು. ಕಣ್ಣು, ಹಲ್ಲು, ಎದೆ, ಪಾದ ಎಲ್ಲ ಸರಿಯಿದ್ದ ಹುಡುಗಿ ಒಂದು ಬಿಸ್ಕತ್ತಿನಷ್ಟಗಲದ ಗುರುತಿಗೆ ಅನ್‌ಫಿಟ್. ಹೊರಗೆ ಬಂದು ಬೂಟು ಹಾಕಿಕೊಳ್ಳಲು ಕೂತವಳಿಗೆ ಲೇಸು ಕಟ್ಟಲು ಆಗಲಿಲ್ಲ. ಬಲಗೈಯಲ್ಲಿ ಯಾವ ದೇವರಿದ್ದರೂ ಬಿಡುವುದಿಲ್ಲ ಅಂತ ಸರ್ ಹೇಳಿಬಿಟ್ಟರು. ಇರುವ ದಾರಿ ಒಂದೇ. ತೆಗೆಸಿ, ಗಾಯ ಮಾಯಿಸಿಕೊಂಡು ಬೋರ್ಡಿನ ಮುಂದೆ ನಿಲ್ಲಬೇಕು.

ಇಲ್ಲಿ ಒಬ್ಬ ಚರ್ಮದ ಡಾಕ್ಟರಿಗೆ ತೋರಿಸಿದೆ. ಲೇಸರ್ ಆದರೆ ತಿಂಗಳುಗಟ್ಟಲೆ ಹಿಡಿಯುತ್ತದಂತೆ. ಚಿಕ್ಕದಾದ್ದರಿಂದ ಆ ಚರ್ಮವನ್ನೇ ಕತ್ತರಿಸಿ ತೆಗೆದು ಹೊಲಿಗೆ ಹಾಕುತ್ತೇನೆ ಅಂದರು. ಆಗಸ್ಟ್ 28, ಗುರುವಾರ. ಅದಕ್ಕಿಂತ ತಡವಾದರೆ ಬೋರ್ಡಿನ ಹೊತ್ತಿಗೆ ಹೊಲಿಗೆ ಬಿಚ್ಚಲು ಆಗುವುದಿಲ್ಲ.

ತೆಗೆಸುವ ಮಾತಿಗೆ ಒಪ್ಪಬೇಡ ಅಂತ ಯಾಕೆ ಬರೆದೆ? ಅಪ್ಪ ಹೇಳಿಕೊಟ್ಟನಾ? ಅರಳಗುಪ್ಪೆಯ ಆ ಗಂಡಿಗೆ ನನ್ನನ್ನು ಕಟ್ಟಲು ನೀವಿಬ್ಬರೂ ಸೇರಿಕೊಂಡಿದ್ದೀರಾ? ಬೇರೆಯವರು ಮಾಡಿದ್ದರೆ ಸಹಿಸುತ್ತಿದ್ದೆ. ನನಗೆ ಓಡುವ ಬೂಟು ಕೊಡಿಸಿದವಳು ನೀನು.

ಏನನ್ನು ಕತ್ತರಿಸಿ ಎಸೆಯುತ್ತಿದ್ದೇನೆ ಅಂತ ನನಗೆ ತಿಳಿಯಬೇಕು. 28ರೊಳಗೆ ನಿಜ ಬರೆ.

ಇಂಪನಾ

*

ಶೆಟ್ಟಿಕೆರೆ
19 ಆಗಸ್ಟ್ 2025

ಇಂಪನಾ,

ನಿನ್ನ ಮದುವೆ ಮನೆ ಹಾಳಾಗಲಿ. ಗಂಡು ಹುಡುಕುವುದು ನಿಮ್ಮಪ್ಪ ಪರಮೇಶನ ಚಟ, ಕೊಬ್ಬರಿ ಮಂಡಿಯಲ್ಲಿ ಯಾರು ಸಿಕ್ಕರೂ "ನಿಮ್ಮ ಹುಡುಗ ಏನ್ ಮಾಡ್ತಾನೆ" ಅಂತ ಕೇಳುತ್ತಾನೆ. ನಾನು ಆ ಸಾಲಿನಲ್ಲಿ ನಿಂತವಳಲ್ಲ. ನನ್ನ ಮೇಲೆ ಆ ಮಾತು ಹೊರಿಸಿದೆಯಲ್ಲ, ಎರಡು ದಿನ ಅನ್ನ ಸೇರಲಿಲ್ಲ.

ನಿಮ್ಮ ಸರ್ ಹೇಳಿದ್ದು ಸರಿ. ಅದು ಮೊರ.

ನಿನಗೆ ಇದುವರೆಗೆ ಹೇಳದ ಸಂಗತಿ ಒಂದಿದೆ. ನಿನಗಿಂತ ಮುಂಚೆ ನಿಮ್ಮಮ್ಮನಿಗೆ ಎರಡು ಮಕ್ಕಳಾಗಿದ್ದವು. ಮೊದಲು ಗಂಡು, ಆಮೇಲೆ ಹೆಣ್ಣು. ಅಯ್ಯನವರು ಬಂದು ಲಿಂಗ ಕಟ್ಟಿದರು, ತಿಪಟೂರಿನಲ್ಲಿ ದೊಡ್ಡ ಡಾಕ್ಟರಿಗೆ ತೋರಿಸಿದೆವು. ಎರಡೂ ಆರು ತಿಂಗಳು ಮುಟ್ಟಲಿಲ್ಲ. ಯಾಕೆ ಅಂತ ಯಾರಿಂದಲೂ ಹೇಳಲಾಗಲಿಲ್ಲ. ತೋಟದ ಮೂಡಲ ಮೂಲೆಯಲ್ಲಿ ಮಣ್ಣು ಮಾಡಿದೆವು. ಆ ಮೂಲೆಗೆ ನಿಮ್ಮಮ್ಮ ಯಾಕೆ ಹೋಗುವುದಿಲ್ಲ ಅಂತ ನೀನು ಚಿಕ್ಕಂದಿನಲ್ಲಿ ಕೇಳಿದ್ದೆ. ಅಲ್ಲಿ ಹಾವಿದೆ ಅಂದಿದ್ದೆ.

ಮಕ್ಕಳು ನಿಲ್ಲದ ಮನೆಯಲ್ಲಿ ಹಿರಿಯರು ಮಾಡುತ್ತಿದ್ದ ಒಂದು ದಾರಿ ಇದೆ. ಕೂಸು ಹುಟ್ಟಿದ ಕೂಡಲೇ ತಿಪ್ಪೆಯಲ್ಲಿ ಹೊರಳಿಸಿ ತಿಪ್ಪಯ್ಯ, ತಿಪ್ಪಮ್ಮ ಅಂತ ಹೆಸರಿಡುವುದು. ಇಂಥ ಕಸದಂಥ ಕೂಸು ನನಗೇಕೆ ಅಂತ ಸಾವು ಬಿಟ್ಟು ಹೋಗಬೇಕು. ಊರಲ್ಲಿ ಆ ಹೆಸರಿನವರು ಇದ್ದಾರಲ್ಲ, ಅವರೆಲ್ಲ ಹೀಗೆ ಉಳಿದವರು. ನಿನಗೂ ತಿಪ್ಪಮ್ಮ ಅಂತಲೇ ಇಡೋಣ ಅಂದೆ. ನಿಮ್ಮಮ್ಮ ಬಾಣಂತಿ, ಗೋಡೆ ಕಡೆ ಮುಖ ತಿರುಗಿಸಿ "ಇಂಪನಾ" ಅಂದಳು. "ಎರಡಕ್ಕೆ ಹೆಸ್ರೇ ಕರೀಲಿಲ್ಲ ಅತ್ತೆ, ಇದನ್ನಾದ್ರೂ ಚೆಂದಾಗಿ ಕರೀತೀನಿ" ಅಂದಳು. ಆ ಮಾತಿಗೆ ನಾನು ಸೋತೆ. ಚೆಂದದ ಹೆಸರಿಟ್ಟರೆ ಕಾಪು ಬೇರೆ ಕಡೆಯಿಂದ ತರಬೇಕಲ್ಲ? ಅದಕ್ಕೆ ನಿನ್ನನ್ನು ಮಾರಿದೆ.

ಹೆದರಬೇಡ, ಅದೂ ಪದ್ಧತಿಯೇ. ಕೂಸನ್ನು ಮೊರದಲ್ಲಿ ಮಲಗಿಸಿ, ಮಕ್ಕಳು ಚೆನ್ನಾಗಿ ನಿಂತ ಬೇರೆ ಜನರ ಹೆಂಗಸಿಗೆ ಕೊಡುವುದು. ಅವಳು ಒಂದು ಮೊರ ತೌಡು ಕೊಟ್ಟು ಕೊಂಡುಕೊಳ್ಳುವುದು. ನಮ್ಮ ಮನೆಗೆ ಹುಡುಕಿ ಬಂದ ಸಾವಿಗೆ ಲೆಕ್ಕ ತಪ್ಪಬೇಕು. ಬೋರಮ್ಮನಿಗೆ ಐದು ಮಕ್ಕಳು, ಐದೂ ಕಲ್ಲುಗುಂಡು. ಕಡೆಯದು ಇನ್ನೂ ಸೊಂಟದ ಮೇಲಿತ್ತು. ಅವಳು ತೌಡು ಕೊಟ್ಟು ನಿನ್ನನ್ನು ಎತ್ತಿಕೊಂಡಳು. ನಿನಗೆ ಹಾಲು ಕೊಟ್ಟವಳು ಅವಳು. ಎರಡು ಕೂಸು ಕುಡಿದು ಹೋದ ಎದೆ ನಿನಗೆ ಬೇಡ ಅಂತ ನಾನೇ ತಡೆದೆ. ಅವರ ಮನೆಯ ನೀರು ಮುಟ್ಟದ ನಾವು, ಅವಳ ಹಾಲಿನಲ್ಲಿ ನಿನ್ನನ್ನು ಬೆಳೆಸಿದೆವು. ಊರಿನಲ್ಲಿ ಇದು ಯಾರಿಗೂ ಗೊತ್ತಿಲ್ಲ. ನಿಮ್ಮಮ್ಮ ಎದೆ ಕಟ್ಟಿಕೊಂಡು ನರಳುತ್ತಾ, ಹಾಲು ಹಿಂಡಿ ಆ ಮೂಡಲ ಮೂಲೆಯ ತೆಂಗಿನ ಬುಡಕ್ಕೆ ಹಾಕಿ ಬರುತ್ತಿದ್ದಳು.

ಐದನೇ ತಿಂಗಳಲ್ಲಿ ನಿನಗೆ ಜ್ವರ ಬಂತು. ಅದೇ ತಿಂಗಳು, ಅದೇ ಥರ ಜ್ವರ. ಬೋರಮ್ಮ ಹೇಳಿದಳು, "ತೌಡು ಕೊಟ್ಟಿದ್ದು ನಮಗ್ ಗೊತ್ತು, ಬರೋನಿಗೆ ಗೊತ್ತಾಗ್ಬೇಕಲ್ಲ? ನಮ್ ಜನದ ಗುರ್ತು ಹಾಕ್ಬುಡ್ತೀನಿ" ಅಂತ. ಆ ಮಸಿಯನ್ನು ಸೊಪ್ಪಿನ ರಸದ ಜೊತೆಗೆ ತನ್ನ ಎದೆಹಾಲಲ್ಲೂ ಅರೆದಳು. ಈ ಕೂಸು ಗುರುಶಾಂತಮ್ಮನ ಮನೆಯದಲ್ಲ, ಬೋರಮ್ಮನದು ಅಂತ ಆ ಮೊರ ಹೇಳುತ್ತದೆ. ಮೂರನೇ ದಿನಕ್ಕೆ ಜ್ವರ ಬಿಟ್ಟಿತು. ನಾನು ಮಾಡಿದ್ದು ತಪ್ಪು ಅಂತ ನಾನು ಒಪ್ಪುವುದಿಲ್ಲ. ನೀನು ಇದ್ದೀಯಲ್ಲ.

ಈಗ ಹೇಳಬೇಕಾದ್ದು ಕೇಳು. ಮಾರಿದ ಕೂಸನ್ನು ಆಮೇಲೆ ತೌಡು ವಾಪಸು ಕೊಟ್ಟು ಕೊಂಡುಕೊಳ್ಳಬೇಕು. ನಾನು ಕೊಳ್ಳಲಿಲ್ಲ. ಹಲ್ಲು ಬರಲಿ, ನಡೆಯಲಿ, ಸ್ಕೂಲಿಗೆ ಹೋಗಲಿ ಅಂತ ಮುಂದಕ್ಕೆ ಹಾಕಿದೆ. ಕೊಂಡ ಮರುದಿನವೇ ಏನಾದರೂ ಆದರೆ? ನಮ್ಮ ಮನೆಯಲ್ಲಿ ನೀನು ಇವತ್ತಿಗೂ ಬೋರಮ್ಮನ ಮಗಳು. ಆ ಗುರುತು ಹೋದರೆ ನೀನು ಅವಳವಳೂ ಅಲ್ಲ, ನಮ್ಮವಳೂ ಅಲ್ಲ. ಇದನ್ನೆಲ್ಲ ನೀನು ನಂಬಬೇಕಾಗಿಲ್ಲ. ಪೇಪರು ಓದುವ ನನಗೇ ಹಗಲು ಹೊತ್ತಿನಲ್ಲಿ ನಂಬಿಕೆ ಬರುವುದಿಲ್ಲ. ಆದರೆ ಕತ್ತರಿಸುತ್ತಾರೆ ಅಂತ ಓದಿದಾಗ ಕೈಕಾಲು ತಣ್ಣಗಾದವು. ನಾನು ಎರಡು ಸಲ ಎತ್ತಿಕೊಂಡು ಹೋಗಿ ಮಣ್ಣಿಗೆ ಕೊಟ್ಟವಳು. ಬೇಡ ಕಣೇ. ನಿನ್ನ ಕೆಲಸ ಹೋಗಲಿ ಅಂತ ಬಯಸುವ ಅಜ್ಜಿ ನಾನಲ್ಲ, ಆದರೂ ಬೇಡ. ಇತ್ತ ದರಿ ಅತ್ತ ಪುಲಿ ಅನ್ನುತ್ತಾರಲ್ಲ, ಹಾಗೆ ನಿಂತಿದ್ದೇನೆ.

ಅಜ್ಜಿ

*

ಶೆಟ್ಟಿಕೆರೆ
25 ಆಗಸ್ಟ್ 2025

ಇಂಪನಾ,

ಹೋದ ಸಲದ ಕಾಗದದ ಮಾತು ಬಿಡು. ಕತ್ತರಿಸು. ಮೊದಲು ಇದನ್ನು ಓದಿಕೊಂಡು ಆಮೇಲೆ ಉಳಿದದ್ದು ಓದು. ಕತ್ತರಿಸು ಮಗ, ನಿಶ್ಚಿಂತೆಯಾಗಿ ಕತ್ತರಿಸು.

ಆದದ್ದು ಹೀಗೆ. ಹತ್ತೊಂಬತ್ತರ ಕಾಗದವನ್ನು ಅಂಟಿಸಿ ಪೋಸ್ಟಿಗೆ ಹಾಕು ಅಂತ ನಿಮ್ಮಮ್ಮನ ಕೈಗೆ ಕೊಟ್ಟೆ. ಅವಳು ಅನ್ನದ ಅಗುಳು ಹಚ್ಚುವ ಮೊದಲು ಓದಿದ್ದಾಳೆ. ಓದಿ, ಅಂಟಿಸಿ, ಹಾಕಿಯೂ ಬಂದಿದ್ದಾಳೆ. ಶುಕ್ರವಾರ ನಾನು ವಿಭೂತಿ ಹಚ್ಚಿಕೊಳ್ಳುತ್ತಿದ್ದಾಗ ಎದುರಿಗೆ ಬಂದು ಕೂತಳು. ನನಗೆ ಕೇಳಲಿ ಅಂತ ಕಿವಿಯ ಹತ್ತಿರ ಬಾಯಿಟ್ಟು, ಒಂದೊಂದೇ ಮಾತು ಹೇಳಿದಳು. "ಅತ್ತೆ, ನನ್ ಮಗೀನ ನಂಗ್ ಕೊಡ್ಸಿ. ನೀವ್ ಮಾರುದ್ರಿ, ನಾ ಸುಮ್ಕಿದ್ದೆ. ಅವ್ಳು ಬದ್ಕಿದ್ರೆ ಸಾಕು ಅಂತ ಸುಮ್ಕಿದ್ದೆ. ಇನ್ ಎಷ್ಟ್ ದಿನ ಸುಮ್ಕಿರ್ಲಿ?"

ಇಷ್ಟು ವರ್ಷದಲ್ಲಿ ನಿಮ್ಮಮ್ಮ ನನಗೆ ಎದುರಾಡಿದ್ದು ಅದೇ ಮೊದಲು. ವಿಭೂತಿ ಕೆಳಗಿಟ್ಟು, ಮೊರ ತೆಗಿ, ತೌಡು ತುಂಬು ಅಂದೆ.

ನಿನ್ನೆ ಭಾನುವಾರ ಚಿಕ್ಕನಾಯಕನಹಳ್ಳಿಗೆ ಹೋಗಿ ಬೋರಮ್ಮನ ಮನೆ ಹುಡುಕಿದೆವು. ಅವಳ ಮಾತನ್ನೆಲ್ಲ ನಿಮ್ಮಮ್ಮ ನನ್ನ ಕಿವಿಗೆ ಮುಟ್ಟಿಸಿದಳು. ಈಗ ಹಚ್ಚೆ ಹಾಕುವುದಿಲ್ಲವಂತೆ. "ಈಗಿನ್ ಹುಡ್ರಿಗೆ ಮಿಷನ್ನಾಗೆ ಚಿಟ್ಟೆ ಬೇಕು, ಇಂಗ್ಲೀಷಾಗೆ ಗಂಡಿನ್ ಹೆಸ್ರು ಬೇಕು, ನಮ್ ಚೇಳು ಯಾರಿಗ್ ಬೇಕು ತಾಯಿ" ಅಂದಳು. ನನ್ನ ಗುರುತು ಹಿಡಿದ ಕೂಡಲೇ ಕೇಳಿದ ಮೊದಲ ಮಾತು "ಐತಾ ನನ್ ಕೂಸು?" ಅಂತ. ಓಟದಲ್ಲಿ ಪಾಸಾಗಿದ್ದಾಳೆ ಅಂದೆ. "ಓಡ್ದೆ ಇರ್ತಾಳಾ, ಯಾರ್ ಹಾಲು?" ಅಂದಳು. ಸೊಕ್ಕು ನೋಡು ಅವಳದು!

ಮೊರದ ತುಂಬ ತೌಡು ಹೊತ್ತುಕೊಂಡು ಹೋಗಿದ್ದೆವು. ಕೂಸು ಎದುರಿಗೆ ಇಲ್ಲದಿದ್ದರೆ ಏನು ಮಾಡುವುದು ಅಂತ ನಾನು ತಲೆ ಕೆರೆದುಕೊಳ್ಳುತ್ತಿದ್ದರೆ, ನಿಮ್ಮಮ್ಮ ಚೀಲದಿಂದ ಒಂದು ತೆಂಗಿನಕಾಯಿ ತೆಗೆದಳು. ಜುಟ್ಟು ಬಿಟ್ಟು ಸುಲಿದು, ಅರಿಸಿನ ಹಚ್ಚಿ, ನಿನ್ನ ಹಳೆಯ ಕುಲಾವಿ ತೊಡಿಸಿದ್ದಳು. ಬೆಳಗಿನ ಜಾವವೇ ಮೂಡಲ ಮೂಲೆಗೆ ಹೋಗಿ ಆ ಮರದ ಕೆಳಗಿಂದ ತಾನೇ ಆಯ್ದು ತಂದಿದ್ದಾಳೆ. ಎದೆಹಾಲು ಬತ್ತಿದ ಮೇಲೆ ಆ ಕಡೆ ಕಾಲಿಟ್ಟಿರದವಳು.

ಬೋರಮ್ಮ ಆ ಕಾಯಿಯನ್ನು ಎತ್ತಿ ಎದೆಗೆ ಒತ್ತಿಕೊಂಡು, ತೌಡು ತುಂಬಿದ ಮೊರವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. "ನನ್ ಕೂಸನ್ನ ನಿಂಗ್ ಕೊಟ್ಟಿವ್ನಿ ಕಣವ್ವ, ನನ್ ಗುರ್ತಿನ ಹಂಗು ಅದಕ್ಕಿಲ್ಲ, ನೂರ್ ಕಾಲ ಬಾಳ್ಲಿ" ಅಂತ ನಿಮ್ಮಮ್ಮನ ಮಡಿಲಿಗೆ ಹಾಕಿದಳು. ನಿಮ್ಮಮ್ಮ ಆ ಕಾಯಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಅಲ್ಲೇ ನೆಲದ ಮೇಲೆ ಕೂತಳು. ನನಗೆ ಕಿವಿ ಕೇಳುವುದಿಲ್ಲ, ಅವಳು ಹೇಗೆ ಅತ್ತಳು ಅಂತ ನನಗೆ ಗೊತ್ತಿಲ್ಲ. ಬೆನ್ನು ಅಲುಗುವುದಷ್ಟೇ ಕಂಡಿತು. ಬಸ್ಸಿನಲ್ಲಿಯೂ ಅದನ್ನು ಮಡಿಲಿಂದ ಇಳಿಸಲಿಲ್ಲ. ಕಂಡಕ್ಟರು ಏನಮ್ಮ ಅದು ಅಂತ ಕೇಳಿದರೆ "ನನ್ ಮಗ್ಳು" ಅಂದಳಂತೆ.

ಈಗ ನೀನು ನಮ್ಮವಳು, ನಿನ್ನ ಚರ್ಮ ನಿನ್ನದು. ನನ್ನ ಕೈಕಾಲು ತಣ್ಣಗಾಗುವುದು ಹಾಗೇ ಇದೆ. ಅದನ್ನು ನಾನು ನೋಡಿಕೊಳ್ಳುತ್ತೇನೆ, ನೀನು ಕತ್ತರಿಸು.

ಈ ಕಾಗದ ಗುರುವಾರದೊಳಗೆ ಮುಟ್ಟಬೇಕಲ್ಲ ಅನ್ನುವುದೇ ಈಗ ಜೀವ ತಿನ್ನುತ್ತಿದೆ. ನಿನ್ನೆ ಹತ್ತು ನಿಮಿಷಕ್ಕೆ ನೀನು ಫೋನು ಮಾಡಿದಾಗ ಮನೆಯಲ್ಲಿ ನಿಮ್ಮಪ್ಪ ಒಬ್ಬನೇ. ನಾವು ಬೋರಮ್ಮನ ಮನೆಯಲ್ಲಿದ್ದೆವು. ಇವತ್ತು ನಿಮ್ಮಪ್ಪನಿಗೆ ಎಲ್ಲ ಹೇಳಿ ನಿಮ್ಮ ಆಫೀಸಿಗೆ ಫೋನು ಮಾಡಿಸಿದೆ. ಗಂಟೆ ಹೊಡೆಯುತ್ತದಂತೆ, ಯಾರೂ ಎತ್ತುವುದಿಲ್ಲವಂತೆ. ಗಣೇಶನ ಹಬ್ಬದ ರಜೆ ಬೇರೆ. ಪೋಸ್ಟಾಫೀಸಿನವನು ಬುಧವಾರ ಹಬ್ಬ, ಗುರುವಾರ ಮುಟ್ಟಿದರೆ ನಿಮ್ಮ ಪುಣ್ಯ ಅಂದ. ಸ್ಪೀಡ್ ಪೋಸ್ಟಿನಲ್ಲೇ ಹಾಕಿಸುತ್ತಿದ್ದೇನೆ.

ಅಜ್ಜಿ

*

ಧಾರವಾಡ
28 ಆಗಸ್ಟ್ 2025

ಅಜ್ಜಿ,

ನಿನ್ನ ಹತ್ತೊಂಬತ್ತರ ಕಾಗದ ಸೋಮವಾರ ಬಂತು. ಅದಾದ ಮೇಲೆ ಏನೂ ಬಂದಿಲ್ಲ. ಹಬ್ಬಕ್ಕೆ ಸರ್ ಸಮೇತ ಎಲ್ಲರೂ ಊರಿಗೆ ಹೋದರು. ನಾವು ನಾಲ್ಕು ಹುಡುಗಿಯರು ಮಾತ್ರ ಉಳಿದೆವು. ಆಫೀಸಿಗೆ ಬೀಗ ಬಿತ್ತು, ನಮ್ಮ ಮೊಬೈಲುಗಳು ಅದರೊಳಗೆ. ಯಾರದಾದರೂ ಫೋನು ಬೇಡಿ ಮಾಡೋಣ ಅಂದರೆ ನಿನಗೆ ಕೇಳಿಸುವುದಿಲ್ಲ, ಅಪ್ಪನಿಗೆ ಹೇಳುವ ಹಾಗಿಲ್ಲ.

ಇವತ್ತು ಡಾಕ್ಟರ ಹತ್ತಿರ ಹೋದೆ. ಹೋಗುವಾಗ ಗಟ್ಟಿಯಾಗೇ ಇದ್ದೆ. ತೌಡು, ಮೊರ, ಸಾವು ಲೆಕ್ಕ ತಪ್ಪುವುದು, ಇವನ್ನೆಲ್ಲ ನಂಬಲು ನಾನೇನು ಹುಚ್ಚಿಯಾ ಅಂತ ದಾರಿಯುದ್ದಕ್ಕೂ ಹೇಳಿಕೊಂಡೆ. ಟೇಬಲ್ಲಿನ ಮೇಲೆ ಮಲಗಿಸಿ ಕೈಗೆ ಕೆಂಪು ಔಷಧಿ ಒರೆಸಿದರು. ಆ ಕೆಂಪಿನ ನಡುವೆ ಮೊರ ಎದ್ದು ಕಾಣಿಸಿತು. ಒಳಗೆ ಚುಕ್ಕಿಗಳು. ಅದರಲ್ಲಿ ಒಬ್ಬ ಹೆಂಗಸಿನ ಹಾಲು ಇದೆ ಅನ್ನುವುದು ನೆನಪಾಯಿತು. ನಾನು ಕುಡಿದ ಹಾಲು. ಆಮೇಲೆ ತೆಂಗಿನ ಬುಡಕ್ಕೆ ಹಾಕಿದ ಹಾಲು ನೆನಪಾಯಿತು.

ಸೂಜಿ ಹತ್ತಿರ ಬಂದಾಗ ನಾನು ಎದ್ದು ಕೂತೆ. ನಗಬೇಡ, ನನಗೆ ಹೆದರಿಕೆ ಆಯಿತು. ಸಾಯುತ್ತೇನೆ ಅಂತಲೋ ಏನೋ, ಅದೂ ಸರಿಯಾಗಿ ಗೊತ್ತಿಲ್ಲ. ಇನ್ನು ಮೇಲೆ ನಾನು ಎಲ್ಲಿದ್ದರೂ, ನನಗೊಂದು ನೆಗಡಿ ಆದರೂ ನೀನು ಅಲ್ಲಿ ತಣ್ಣಗಾಗುತ್ತೀಯ. ಗಡಿಯಲ್ಲಿ ಗುಂಡಿಗೆ ಹೆದರಬಾರದು ಅಂತ ಎರಡು ವರ್ಷ ಕಲಿತೆ. ನಿನ್ನ ಹೆದರಿಕೆಯನ್ನು ಏನು ಮಾಡಬೇಕು ಅಂತ ಯಾರೂ ಕಲಿಸಲಿಲ್ಲ. ಡಾಕ್ಟರು "ಯಾಕಮ್ಮ?" ಅಂದರು. ಅವರಿಗೆ ಏನು ಹೇಳಲಿ? "ಇದು ನನ್ನದಲ್ಲ ಸರ್, ಮನೆಯಲ್ಲಿ ಕೇಳಬೇಕು" ಅಂದೆ. ಇನ್ನೊಂದು ದಿನ ಕೊಟ್ಟರೆ ಬೋರ್ಡಿಗೆ ಗಾಯ ಮಾಯುವುದಿಲ್ಲ, ನೋಡಿಕೋ ಅಂದರು. ಗೊತ್ತು ಅಂದೆ.

ಅಲ್ಲಿಂದ ನೇರ ಸೈಬರ್ ಅಂಗಡಿಗೆ ಹೋಗಿ, ಬೋರ್ಡಿಗೆ ಬರುವುದಿಲ್ಲ ಅಂತ ಬರೆದು ಸಹಿ ಹಾಕಿ ಕಳಿಸಿಬಿಟ್ಟೆ. ಇಟ್ಟುಕೊಂಡರೆ ಮತ್ತೆ ಮನಸ್ಸು ತಿರುಗುತ್ತದೆ ಅಂತ ಇವತ್ತೇ ಕಳಿಸಿದೆ. ನೀನು ತ್ರಿಶೂಲ ಅಂತ ಸುಳ್ಳಿಗೇ ನಿಂತಿದ್ದರೆ ಇಷ್ಟು ಹೊತ್ತಿಗೆ ನನ್ನ ಕೈಯಲ್ಲಿ ಹೊಲಿಗೆ ಇರುತ್ತಿತ್ತು. ನಿಜ ಕೇಳಿದವಳು ನಾನೇ ತಾನೆ?

ನಿಮ್ಮ ಗುರುತು ಇದ್ದ ಹಾಗೇ ಇದೆ. ನಿಶ್ಚಿಂತೆಯಾಗಿ ಉಣ್ಣು.

ಇಂಪನಾ

*

ಧಾರವಾಡ
30 ಆಗಸ್ಟ್ 2025

ಅಜ್ಜಿ,

ನಿನ್ನ ಸ್ಪೀಡ್ ಪೋಸ್ಟು ಇವತ್ತು ಬೆಳಿಗ್ಗೆ ಬಂತು.

ಗೇಟಿನ ಹತ್ತಿರ ನಿಂತೇ ಓದಿದೆ. "ಕತ್ತರಿಸು" ಅನ್ನುವ ಮಾತು ಓದಿದವಳೇ ಚಪ್ಪಲಿಯಲ್ಲೇ ಓಡಿದೆ. ಡಾಕ್ಟರು ಈಗ ಮಾಡಿ ಪ್ರಯೋಜನವಿಲ್ಲ ಅಂದರು. ಸರ್ ಯಾರುಯಾರಿಗೋ ಫೋನು ಮಾಡಿದರು. ಬರುವುದಿಲ್ಲ ಅಂತ ಕೈಯಾರೆ ಬರೆದುಕೊಟ್ಟವರ ಹೆಸರು ಮತ್ತೆ ಸೇರಿಸುವುದಿಲ್ಲವಂತೆ. "ಎರಡ್ ದಿನ ಕಾಯೋಕಾಗ್ಲಿಲ್ವೇನವ್ವ" ಅಂತ ಸರ್ ಮುಖ ಆ ಕಡೆ ತಿರುಗಿಸಿಕೊಂಡರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತ ನೀನು ಎಷ್ಟು ಸಲ ಹೇಳುತ್ತಿದ್ದೆ. ಈ ಸಲ ತುತ್ತು ನನ್ನದೇ.

ಬಹಳ ಸಿಟ್ಟು ಬರುತ್ತಿದೆ ಅಜ್ಜಿ. ನಿನ್ನ ಮೇಲಾ, ಬೋರಮ್ಮನ ಮೇಲಾ, ಗಣೇಶನ ಮೇಲಾ, ನನ್ನ ಮೇಲಾ, ಯಾರ ಮೇಲೆ ಅಂತ ತಿಳಿಯುತ್ತಿಲ್ಲ. ಎಲ್ಲರೂ ನನ್ನನ್ನು ಉಳಿಸಲು ಹೋದವರೇ. ಬೈಯಲು ಒಬ್ಬರೂ ಸಿಕ್ಕುತ್ತಿಲ್ಲ.

ಇವತ್ತು ಸಂಜೆ ಮೈದಾನದಲ್ಲಿ ಹುಡುಗಿಯರು ಸಾಲಾಗಿ ನಿಂತು ಸೆಲ್ಯೂಟ್ ಅಭ್ಯಾಸ ಮಾಡಿದರು. ನಾನು ಕಟ್ಟೆಯ ಮೇಲೆ ಕೂತು ನೋಡಿದೆ. ನನ್ನ ಬಲಗೈ ತಾನಾಗಿಯೇ ಎದ್ದಿತು. ಎಡಗೈಯಲ್ಲಿ ಅದನ್ನು ಹಿಡಿದು ಇಳಿಸಿಕೊಂಡೆ.

ಗಂಟುಮೂಟೆ ಕಟ್ಟಿದ್ದೇನೆ. ನಾಳೆ ರಾತ್ರಿಯ ಬಸ್ಸು. ಈ ಕಾಗದಕ್ಕಿಂತ ಮೊದಲು ನಾನೇ ಬಂದರೂ ಬರಬಹುದು. ಮೊದಲು ಬೋರಮ್ಮನ ಮನೆಗೆ ಹೋಗಿ ಕೈ ತೋರಿಸಬೇಕು, ಆಮೇಲೆ ಮನೆಗೆ ಬರುತ್ತೇನೆ. ಅಪ್ಪನಿಗೆ ಹೇಳು, ಅರಳಗುಪ್ಪೆಯವರ ಸುದ್ದಿ ನಾನು ಬಂದ ದಿನವೇ ಎತ್ತಬಾರದು.

ಅಮ್ಮನಿಗೆ ಒಂದು ಮಾತು ಹೇಳು. ನೀನು ಕೂಗಿ ಹೇಳಬೇಡ, ಮೆಲ್ಲಗೆ ಹೇಳು. ಆ ಕಾಯಿಯನ್ನು ಒಡೆಯಬೇಡ, ಮಡಿಲಿಂದ ಇಳಿಸಿ ಪಕ್ಕಕ್ಕೆ ಇಟ್ಟುಕೊಂಡು ಕೂತಿರು ಅನ್ನು. ನಾನು ಬರುತ್ತಿದ್ದೇನೆ, ನನ್ನ ಭಾರ ಜಾಸ್ತಿ, ಸ್ವಲ್ಪ ಸಹಿಸಿಕೋ ಅನ್ನು.

ಇಂಪನಾ